ಕೊಳವೆ ಬಾವಿಯ ಉಕ್ಕಿನ ಕೇಸಿಂಗ್ ಪೈಪ್ ಮತ್ತು ತುಕ್ಕು: ಅರ್ಜಿದಾರರ ಮಾಹಿತಿಗಾಗಿ

ಅರಸೀಕೆರೆ, ಬೇಲೂರು ಹಾಗೂ ಹಳೇಬೀಡು ಭಾಗಗಳಲ್ಲಿ ಹಳೆಯ ಕೊಳವೆ ಬಾವಿಯನ್ನು ಫ್ಲಶಿಂಗ್ ಮಾಡಿಸಲು ಅಥವಾ ಮತ್ತಷ್ಟು ಆಳಗೊಳಿಸಲು ಅರ್ಜಿ ಸಲ್ಲಿಸುವವರು ಮೊದಲು ಅದರ ಕೇಸಿಂಗ್ ಪೈಪಿನ ಸ್ಥಿತಿಯನ್ನು ಪರಿಶೀಲಿಸಿಕೊಳ್ಳತಕ್ಕದ್ದು.

ಇಲ್ಲಿ ಕೇಸಿಂಗ್ ಪೈಪನ್ನು ಮೇಲ್ಮಣ್ಣು ಮತ್ತು ಶಿಥಿಲ ಶಿಲೆಯ ಪದರದವರೆಗೆ ಮಾತ್ರ ಇಳಿಸಲಾಗುತ್ತದೆ. ಅದರ ಕೆಳಗಿನ ಗಟ್ಟಿ ಶಿಲೆಗೆ ಪೈಪಿನ ಆಸರೆ ಬೇಕಿಲ್ಲ. ಸಡಿಲ ಮಣ್ಣು ಒಳಕ್ಕೆ ಕುಸಿಯದಂತೆ ತಡೆಯುವುದೇ ಪೈಪಿನ ಕೆಲಸ.

ಉಕ್ಕು ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ನೀರಿನ ಮಟ್ಟದ ನಡುವಿನ ಭಾಗಕ್ಕೆ ಇವೆರಡೂ ಸರದಿಯಂತೆ ದೊರೆಯುತ್ತವೆ. ಲವಣಾಂಶವು ಇದನ್ನು ತ್ವರಿತಗೊಳಿಸುತ್ತದೆ. ಕೆಲವು ಸೂಕ್ಷ್ಮಾಣುಗಳಾದರೋ ಆಮ್ಲಜನಕವಿಲ್ಲದೆಡೆಯಲ್ಲೂ ಉಕ್ಕನ್ನು ಕೊರೆಯಬಲ್ಲವು. ಅಮೆರಿಕದ ಅಲಿಸೊ ಕ್ಯಾನಿಯನ್ ಭೂಗತ ನೈಸರ್ಗಿಕ ಅನಿಲ ಸಂಗ್ರಹಾಗಾರದಲ್ಲಿ, 1953ರಲ್ಲಿ ಕೊರೆದಿದ್ದ ಬಾವಿಯೊಂದರ ಕೇಸಿಂಗ್ ಒಡೆದು 2015ರ ಅಕ್ಟೋಬರ್‌ನಿಂದ ಸುಮಾರು ನಾಲ್ಕು ತಿಂಗಳು ಅನಿಲ ಸೋರಿತು. ಅಂತರ್ಜಲ ತಾಗಿದ ಹೊರಮೈಯಲ್ಲಿ ಸೂಕ್ಷ್ಮಾಣುಗಳಿಂದಾದ ತುಕ್ಕೇ ಕಾರಣವೆಂದು 2019ರ ತನಿಖಾ ವರದಿ ತಿಳಿಸಿತು. ನಮ್ಮ ಬಾವಿಗಳಲ್ಲಿ ಅನಿಲದ ಒತ್ತಡವಿಲ್ಲ. ಆದರೆ ಹೊರಮೈಯ ತುಕ್ಕು ಕಣ್ಣಿಗೆ ಬೀಳದೆಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಹೊರಗಿನ ಒತ್ತಡಕ್ಕೆ ಅಪ್ಪಚ್ಚಿಯಾಗದೆ ನಿಲ್ಲುವ ತೆಳು ಕೊಳವೆಯ ಶಕ್ತಿಯು ಅದರ ದಪ್ಪದ ಮೂರನೇ ಘಾತವನ್ನು ಅವಲಂಬಿಸಿದೆ. 5 ಮಿ.ಮೀ. ದಪ್ಪದ ಪೈಪು ಸುತ್ತಲೂ ಸವೆದು 3 ಮಿ.ಮೀ.ಗೆ ಇಳಿದರೆ ಉಳಿಯುವ ಶಕ್ತಿ ಸುಮಾರು ಐದನೇ ಒಂದು ಪಾಲು ಮಾತ್ರ.

ನೀರಿನೊಡನೆ ಕೆಮ್ಮಣ್ಣು ಅಥವಾ ತುಕ್ಕಿನ ಚಕ್ಕೆ ಬರುವುದು, ಪೈಪಿನ ಸುತ್ತ ನೆಲ ಕುಸಿಯುವುದು, ಮೋಟಾರು ಮೇಲೆತ್ತುವಾಗ ಸಿಕ್ಕಿಕೊಳ್ಳುವುದು ಇದರ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ಮೋಟಾರನ್ನೇ ದೂರುವುದು ರೂಢಿ. ಕ್ಯಾಮೆರಾ ಇಳಿಸಿ ನೋಡಿದಲ್ಲಿ ತೂತು, ಸೊಟ್ಟ ಎರಡೂ ಸ್ಪಷ್ಟವಾಗುತ್ತವೆ. ದುರ್ಬಲ ಪೈಪಿನೊಳಗೆ ಫ್ಲಶಿಂಗ್ ಮಾಡಿಸಿದರೆ ಬಾವಿಯೇ ಮುಚ್ಚಿಹೋಗಿ ವೆಚ್ಚವೂ ವ್ಯರ್ಥವಾಗಬಹುದು.

ಹೊಸ ಬಾವಿಗೆ ಉಕ್ಕಿನ ಪೈಪಾದಲ್ಲಿ ಐ.ಎಸ್. 4270, ಪಿ.ವಿ.ಸಿ. ಪೈಪಾದಲ್ಲಿ ಐ.ಎಸ್. 12818 ಗುರುತನ್ನು ನೋಡಿ ಖರೀದಿಸುವುದು. ಪಿ.ವಿ.ಸಿ.ಗೆ ತುಕ್ಕಿನ ಭಯವಿಲ್ಲ.

ಸರ್ವೋಚ್ಚ ನ್ಯಾಯಾಲಯದ 2010ರ ನಿರ್ದೇಶನಗಳ ಪ್ರಕಾರ, ಬಾವಿ ಕೊರೆಯುವ 15 ದಿನ ಮುಂಚಿತವಾಗಿ ಸಂಬಂಧಿಸಿದ ಅಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡತಕ್ಕದ್ದು. ಕೇಸಿಂಗ್ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯತಕ್ಕದ್ದು ಅಥವಾ ಬೋಲ್ಟ್ ಸಹಿತ ಭದ್ರ ಮುಚ್ಚಳ ಹಾಕತಕ್ಕದ್ದು. ಪೈಪಿನ ಬಾಯಿಯೇ ತುಕ್ಕಿನಿಂದ ತೆಳುವಾಗಿದ್ದಲ್ಲಿ ಮುಚ್ಚಳ ನಿಲ್ಲದು, ಮಕ್ಕಳ ಪ್ರಾಣಕ್ಕೆ ಅಪಾಯ. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಕಲ್ಲುಗಳಿಂದ ತುಂಬಿಸತಕ್ಕದ್ದು.