ಕೊಟ್ಟಿಗೆಯ ಹಿಂದಿನ ಹಳೆಯ ಜೀಪು: ಚರಿತ್ರೆ, ಯಂತ್ರ ಮತ್ತು ಕಾನೂನು

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಹಿಂದೆ ಹಳೆಯ ಜೀಪೊಂದು ನಿಂತಿರುವುದು ಅಪರೂಪದ ನೋಟವಲ್ಲ. ಅಜ್ಜನ ಕಾಲದಲ್ಲಿ ತೆಂಗಿನಕಾಯಿ, ಗೊಬ್ಬರ, ಮದುವೆಯ ದಿಬ್ಬಣಗಳನ್ನು ಹೊತ್ತು ತಿರುಗಿದ ಗಾಡಿ ಅದು. ಇಂದು ಗುಜರಿ ವ್ಯಾಪಾರಿ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಮನೆಯ ಹುಡುಗ ಅದನ್ನು ದುರಸ್ತಿ ಮಾಡಿಸಿ ಹಳೆಯ ಜೀಪುಗಳ ಮಾಲೀಕರ ಕೂಟಕ್ಕೆ ಸೇರಬೇಕೆನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತಿಗೆ ತಲೆದೂಗಬೇಕೆಂದು ನಿರ್ಧರಿಸುವ ಮೊದಲು ಈ ವಾಹನದ ಚರಿತ್ರೆಯನ್ನೂ ಅದಕ್ಕೆ ಅನ್ವಯಿಸುವ ಕಾನೂನನ್ನೂ ತಿಳಿದಿರುವುದು ಒಳ್ಳೆಯದು.

ಯುದ್ಧದಿಂದ ಹೊಲಕ್ಕೆ

ಎರಡನೆಯ ಮಹಾಯುದ್ಧದ ಆರಂಭದಲ್ಲಿ, 1940ರಲ್ಲಿ, ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವಾಹನವೊಂದನ್ನು ಬಯಸಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಆ ವರ್ಷದ ಸೆಪ್ಟೆಂಬರಿನಲ್ಲೇ ಒಪ್ಪಿಸಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ‘ಜೀಪ್’ ಎಂಬ ಹೆಸರಿನ ಮೂಲದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಸೇನೆಯ ಸಂಕೇತಾಕ್ಷರಗಳಿಂದ ಬಂದಿತೆಂದು ಕೆಲವರು ಹೇಳಿದರೆ, ಪಾಪಾಯ್ ಚಿತ್ರಕಥೆಯ ‘ಜೀಪ್’ ಎಂಬ ವಿಚಿತ್ರ ಪ್ರಾಣಿಯಿಂದ ಬಂದಿತೆಂದು ಮತ್ತೆ ಕೆಲವರು ಹೇಳುತ್ತಾರೆ.

1945ರಲ್ಲಿ ವಿಲ್ಲೀಸ್ ಕಂಪನಿ ನಾಗರಿಕರ ಬಳಕೆಗೆಂದು ‘ಸಿಜೆ’ ಸರಣಿಯನ್ನು ಆರಂಭಿಸಿತು. ಗುರುತಿಗೆ ಒಂದು ಸುಲಭ ಉಪಾಯವಿದೆ: ಯುದ್ಧಕಾಲದ ಜೀಪಿನ ಮುಂಭಾಗದ ಜಾಲರಿಯಲ್ಲಿ ಒಂಬತ್ತು ಸೀಳುಗಳು, ವಿಲ್ಲೀಸ್ ತಯಾರಿಸಿದ ಸಿಜೆಯಲ್ಲಿ ಏಳು.

ಅದೇ 1945ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂಬ ಕಂಪನಿ ಹುಟ್ಟಿತು. ದೇಶವಿಭಜನೆಯ ಬಳಿಕ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು; 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಎಂದಾಯಿತು. ವಿಲ್ಲೀಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವುದರಿಂದ ಆರಂಭಿಸಿದ ಕಂಪನಿ ಕ್ರಮೇಣ ಅವುಗಳನ್ನು ಇಲ್ಲಿಯೇ ತಯಾರಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1968ರಲ್ಲಿ ನಿಂತುಹೋದರೂ ಭಾರತದಲ್ಲಿ ಅದರ ವಂಶ ದಶಕಗಳ ಕಾಲ ಮುಂದುವರಿಯಿತು. ನಮ್ಮ ಹಿರಿಯರು ‘ವಿಲ್ಲೀಸ್’ ಎಂದು ಕರೆಯುವ ಜೀಪುಗಳಲ್ಲಿ ಬಹಳಷ್ಟು ಈ ವಂಶದವೇ. ಜಬಲ್ಪುರದಲ್ಲಿ 1969ರಿಂದ ಸೇನೆಗಾಗಿ ತಯಾರಾದ ಜೋಂಗಾ, 1985ರಲ್ಲಿ ಬಂದ ಮಾರುತಿ ಜಿಪ್ಸಿ ಇವೂ ಈಗ ಸಂಗ್ರಹಕಾರರ ಪಟ್ಟಿಯಲ್ಲಿವೆ.

ಕೊಯಮತ್ತೂರಿನ ನಂಟು

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತೆಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. ತಾಳವಾಡಿಯ ಬೆಟ್ಟದ ಸೀಮೆಯೂ ಆಗ ಇದೇ ಜಿಲ್ಲೆಯದು. 1979ರಲ್ಲಿ ಈಗಿನ ಈರೋಡು ಜಿಲ್ಲೆ ಬೇರ್ಪಟ್ಟಾಗ ಅದು ಆ ಕಡೆ ಸೇರಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ರೂಪುಗೊಂಡು ಉಡುಮಲಪೇಟೆ ಅದರ ಪಾಲಾಯಿತು. ಹೀಗೆ ಗಡಿಗೆರೆಗಳು ಬದಲಾದವು, ಘಟ್ಟದ ದಾರಿಗಳು ಬದಲಾಗಲಿಲ್ಲ. 27 ತಿರುವುಗಳ ದಿಂಬಂ ಘಟ್ಟವಾಗಲಿ, ಆಳಿಯಾರಿನಿಂದ 40 ತಿರುವುಗಳನ್ನು ಹತ್ತಿ ವಾಲ್ಪಾರೈ ಸೇರುವ ದಾರಿಯಾಗಲಿ, ಅವುಗಳಿಂದ ಕವಲೊಡೆದ ಕಚ್ಚಾ ರಸ್ತೆಗಳಾಗಲಿ ಗಟ್ಟಿ ಗಾಡಿಯನ್ನು ಬೇಡುವಂಥವು.

ಮೋಟಾರು ವಾಹನದ ಮೇಲಿನ ಅಕ್ಕರೆ ಈ ನಾಡಿಗೆ ಹಳೆಯದು. ಸೂಲೂರು ಬಳಿಯ ಕಲಂಗಲ್ ಗ್ರಾಮದ ಜಿ.ಡಿ. ನಾಯ್ಡು 1920ರಲ್ಲಿ ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ–ಪಳನಿ ಮಾರ್ಗದಲ್ಲಿ ಸಂಚಾರ ಆರಂಭಿಸಿದರು. ಅವರ ಕುಟುಂಬದ ಸಂಸ್ಥೆ ಅವಿನಾಶಿ ರಸ್ತೆಯಲ್ಲಿ ನಡೆಸುತ್ತಿರುವ ಜೀಡೀ ಕಾರ್ ವಸ್ತುಸಂಗ್ರಹಾಲಯ ಶಾಲಾ ಪ್ರವಾಸಕ್ಕೆ ಯೋಗ್ಯವಾದ ಸ್ಥಳ. ಅಲ್ಲದೆ ಎರಕದ ಕಾರ್ಖಾನೆ, ಲೇತು, ಪಂಪು ತಯಾರಿಕೆಗೆ ಹೆಸರಾದ ಊರಿದು. ಅಂಗಡಿಯಲ್ಲಿ ಸಿಗದ ಬಿಡಿಭಾಗವನ್ನು ಮಾದರಿ ತೋರಿಸಿ ಕಡೆಸಿಕೊಳ್ಳಲು ಇಲ್ಲಿ ಸಾಧ್ಯ. ಹಳೆಯ ಗಾಡಿಯನ್ನು ಉಳಿಸಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಕೆಸರಿನಿಂದ ಮೇಲೇರುವುದು ಹೇಗೆ?

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಜೀಪಿನಲ್ಲಿ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆಯಿದ್ದು, ಅದು ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲುಗಳೆರಡಕ್ಕೂ ಹಂಚುತ್ತದೆ. ಅದರಲ್ಲೇ ‘ಲೋ’ ಎಂಬ ನಿಧಾನದ ಗೇರೂ ಇದೆ. ಸಿಜೆ-3ಬಿಯಲ್ಲಿ ಇದರ ಅನುಪಾತ 2.46. ಅಂದರೆ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ಕುಗ್ಗುತ್ತದೆ, ತಿರುಗಿಸುವ ಬಲ ಅಷ್ಟೇ ಪಟ್ಟು ಹಿಗ್ಗುತ್ತದೆ. ಏತದ ಸನ್ನೆಕೋಲಿನ ತತ್ವವೇ ಇಲ್ಲಿ ಹಲ್ಲುಚಕ್ರದ ರೂಪ ತಾಳಿದೆ. ಆದರೆ ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯನ್ನು ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಆ ಒತ್ತಡವೆಲ್ಲ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ.

ಮಾಲೀಕರ ಕೂಟಗಳು ಮುಖ್ಯವಾಗಿ ಇಂಥ ತಿಳಿವಳಿಕೆಯನ್ನೇ ಹಂಚಿಕೊಳ್ಳುತ್ತವೆ. ಯಾವ ಭಾಗ ಎಲ್ಲಿ ಸಿಗುತ್ತದೆ, ಯಾವ ಮೆಕ್ಯಾನಿಕ್ಕಿಗೆ ಹಳೆಯ ಎಂಜಿನ್ನಿನ ಪರಿಚಯವಿದೆ, ಹೂತ ಗಾಡಿಯನ್ನು ಅಪಾಯವಿಲ್ಲದೆ ಎಳೆಯುವುದು ಹೇಗೆ ಎಂಬುದೆಲ್ಲ ಅಲ್ಲಿ ಕೈಯಿಂದ ಕೈಗೆ ದಾಟುವ ವಿದ್ಯೆ.

ಕಾಗದಪತ್ರವೇ ಪ್ರಾಣ

ಹಣ ಕಳೆದುಕೊಳ್ಳುವವರು ಎಡವುವುದು ಬಹುಮಟ್ಟಿಗೆ ಕಾಗದಪತ್ರದಲ್ಲಿ. ಖಾಸಗಿ ವಾಹನದ ನೋಂದಣಿ 15 ವರ್ಷ ನಡೆಯುತ್ತದೆ. ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಶುಲ್ಕ ಆಗಾಗ ಬದಲಾಗುವುದರಿಂದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲೇ ವಿಚಾರಿಸಬೇಕು. ಹಳೆಯ ಜೀಪನ್ನು ಕೊಳ್ಳುವವರು ಷಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಆರ್.ಸಿ. ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ಕಣ್ಣಾರೆ ನೋಡದೆ ಮುಂಗಡ ಕೊಡಬಾರದು.

50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದಿತು. ಆ ನಿಯಮದಂತೆ ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಆದರೆ ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಮುಂತಾದ ಕಾರಣಗಳಿಗಲ್ಲದೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ತೋಟಕ್ಕೆ ದಿನವೂ ಬೇಕಾದ ಜೀಪಿಗೆ ಈ ದಾರಿ ಹೊಂದದು.

ದೊಡ್ಡ ಟಯರು, ಬೇರೆ ಎಂಜಿನ್, ಕತ್ತರಿಸಿದ ಮೈ ಇವುಗಳ ಬಗ್ಗೆಯೂ ಎಚ್ಚರ ಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅಪಘಾತವಾದಾಗ ವಿಮಾ ಪರಿಹಾರಕ್ಕೆ ತೊಡಕು ಬರಬಹುದು. ಹಾಗೆಯೇ ಆನೆಮಲೆ, ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಗಳೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಸಾಹಸವಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತಮ್ಮ ಸ್ವಂತ ಅಥವಾ ಒಪ್ಪಿಗೆ ಪಡೆದ ಭೂಮಿಯಲ್ಲಿ ಅಭ್ಯಾಸ ನಡೆಸುವ ಕೂಟಕ್ಕೆ ಮಾತ್ರ ಮಕ್ಕಳನ್ನು ಕಳುಹಿಸಬೇಕು.

ಕಾಗದ ಸರಿಯಿದ್ದು, ಷಾಸಿ ತುಕ್ಕು ಹಿಡಿಯದೆ ಗಟ್ಟಿಯಾಗಿದ್ದರೆ ಗುಜರಿಯವನಿಗೆ ಅವಸರದಲ್ಲಿ ಒಪ್ಪಿಸಬೇಕಾಗಿಲ್ಲ. ಕಾಗದವೇ ಇಲ್ಲದಿದ್ದರೆ ದುರಸ್ತಿಗೆ ಹಣ ಸುರಿಯುವ ಮೊದಲು ಸಾರಿಗೆ ಕಚೇರಿಗೆ ಒಮ್ಮೆ ಹೋಗಿಬರಬೇಕು. ಎರಡರಲ್ಲಿ ಯಾವುದಾದರೂ ಸರಿ, ಗಾಡಿ ಅಂಗಳ ಬಿಡುವ ಮುನ್ನ ಮಕ್ಕಳು ಅಜ್ಜನ ಪಕ್ಕದಲ್ಲಿ ಕುಳಿತು ಅದು ಎಂದು ಬಂತು, ಯಾವ ದಾರಿಯಲ್ಲಿ ಓಡಿತು, ಯಾರನ್ನು ಆಸ್ಪತ್ರೆಗೆ ಮುಟ್ಟಿಸಿತು ಎಂಬುದನ್ನು ಕೇಳಿ ಕನ್ನಡದಲ್ಲಿ ಬರೆದಿಡಲಿ. ಆರ್.ಸಿ. ಪುಸ್ತಕದಲ್ಲಿ ಆ ವಿವರಗಳಿಗೆ ಜಾಗವಿಲ್ಲ.