ಕರಾವಳಿಯ ಚಾವಡಿ: ಗೋಡೆಯ ಬಣ್ಣ, ಕಿಟಕಿಯ ಪರದೆ

ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ಚಾವಡಿಯ, ಅಂದರೆ ಮನೆಮಂದಿಯೂ ಅತಿಥಿಗಳೂ ಕೂರುವ ಮುಂಗೋಣೆಯ, ಬಣ್ಣವನ್ನು ಆರಿಸುವವರು ಮೊದಲು ನೋಡಬೇಕಾದುದು ಅಂಗಡಿಯ ಕ್ಯಾಟಲಾಗನ್ನಲ್ಲ, ಗೋಡೆಯ ತೇವವನ್ನು. ಮುರಕಲ್ಲು ಎಂಬ ರಂಧ್ರಮಯ ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರನ್ನು ಹೀರಿಕೊಂಡು ಬಳಿಕ ಮೆಲ್ಲನೆ ಆವಿಯಾಗಿ ಬಿಡುವುದರಿಂದ, ಅದರ ಮೇಲೆ ಎನಾಮಲ್‌ನಂಥ ಬಿಗಿಯಾದ ಪದರ ಬಳಿದರೆ ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ. ಸುಣ್ಣವಾದರೋ ಆವಿಗೆ ದಾರಿ ಬಿಡುವುದಲ್ಲದೆ ತನ್ನ ಕ್ಷಾರಗುಣದಿಂದ ಬೂಷ್ಟನ್ನೂ ತಡೆಯುತ್ತದೆ.

ಬೆಳಕಿನ ಲೆಕ್ಕ ಬೇರೆ. ಬಿದ್ದ ಬೆಳಕಿನಲ್ಲಿ ಗೋಡೆ ಮರಳಿಸುವ ಪಾಲಿಗೆ ಪ್ರತಿಫಲನಾಂಕ ಎನ್ನುತ್ತಾರೆ. ಅಚ್ಚಬಿಳಿಯಲ್ಲಿ ಅದು ಶೇ. 80ನ್ನು ಮೀರಿದರೆ ಗಾಢ ಬಣ್ಣಗಳಲ್ಲಿ ಶೇ. 20ಕ್ಕೂ ಇಳಿಯುವುದರಿಂದ, ಘಟ್ಟದ ಬುಡದ ಕಾರ್ಕಳದಲ್ಲಿ ಮೋಡ ಕವಿದ ತಿಂಗಳುಗಳಿಗೆ ಕೆನೆಬಿಳಿ ಅಥವಾ ತಿಳಿಹಳದಿ ಒಪ್ಪುತ್ತದೆ. ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಹಳೆಯ ಮನೆಗಳನ್ನು ಮರುಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಂಡವರಿಗೆ, ಇಲ್ಲಿನ ಚಾವಡಿಯ ಸೊಗಸು ಗೋಡೆಗಿಂತ ಕಂಬ ತೊಲೆಗಳ ಮರದಲ್ಲಿತ್ತೆಂಬುದು ತಿಳಿದೀತು. ಅಂಥ ಮರದ ಪಕ್ಕದಲ್ಲಿ ಕಡುನೀಲಿ ಗೋಡೆ ಅತಿಯೇ ಸರಿ.

1901ರ ದೀಪಸ್ತಂಭವಿರುವ ಕಾಪುವಿನ ಕಡಲಂಚಿನಲ್ಲಿ ಪಡುದಿಕ್ಕಿನ ಕಿಟಕಿ ಸಂಜೆಬಿಸಿಲನ್ನೂ ಉಪ್ಪುಗಾಳಿಯನ್ನೂ ಒಟ್ಟಿಗೆ ತರುವ ಕಾರಣ, ಬಿಸಿಲನ್ನು ಗಾಜಿನ ಹೊರಗೇ ತಡೆಯುವ ಬಿದಿರಿನ ತಟ್ಟಿ, ಒಳಗೆ ಬೇಗ ಒಣಗುವ ತೆಳು ಹತ್ತಿಯ ಪರದೆ, ತುಕ್ಕು ಹಿಡಿಯದ ಮರದ ಅಥವಾ ಹಿತ್ತಾಳೆಯ ಸರಳು ಯೋಗ್ಯ. ದಪ್ಪ ವೆಲ್ವೆಟ್ ಪರದೆ ಈ ಊರುಗಳಿಗೆ ಹೇಳಿಸಿದ್ದಲ್ಲ. ಜುಲೈ ಹೊತ್ತಿಗೆ ಅದು ಮುಗ್ಗಲು ನಾರುತ್ತದೆ.