ಹಳೆಯ ಕರ್ನೆಲ್: ನಡೆಯುತ್ತಿದ್ದರೆ ಸಾಕೆ?

ಸಂಘದ ಕಂಪ್ಯೂಟರುಗಳು ಸರಿಯಾಗಿಯೇ ನಡೆಯುತ್ತಿರುವಾಗ ಅವುಗಳ ತಂತ್ರಾಂಶವನ್ನು ಪದೇ ಪದೇ ಏಕೆ ಬದಲಿಸಬೇಕೆಂದು ಸದಸ್ಯ ಬಾಂಧವರಲ್ಲಿ ಹಲವರು ಕೇಳುತ್ತಿದ್ದಾರೆ. ಚೆನ್ನಾಗಿ ನೀರೆತ್ತುತ್ತಿರುವ ಪಂಪನ್ನು ಸುಮ್ಮನೆ ಬಿಚ್ಚಬಾರದೆಂಬುದು ತೋಟ ಮಾಡುವವರೆಲ್ಲ ಬಲ್ಲ ಮಾತು. ಪ್ರಶ್ನೆ ನ್ಯಾಯವಾದುದೇ. ಆದರೆ ಸದಸ್ಯರ ಷೇರು, ಸಾಲ, ಅಡಕೆ ಮತ್ತು ಕಾಫಿ ತೂಕದ ಲೆಕ್ಕವೆಲ್ಲ ಈಗ ಆ ಪೆಟ್ಟಿಗೆಗಳಲ್ಲೇ ಇರುವುದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಕರ್ನೆಲ್ ಎಂದರೆ ತಿರುಳು. ಯಾವ ಕೆಲಸಕ್ಕೆ ಯಂತ್ರದ ಎಷ್ಟು ಸ್ಮೃತಿ ಕೊಡಬೇಕು, ಯಾರು ಯಾವ ಕಡತ ತೆರೆಯಬಹುದು, ಮುದ್ರಣಯಂತ್ರಕ್ಕೂ ತೂಕದ ಯಂತ್ರಕ್ಕೂ ಆಜ್ಞೆ ಹೇಗೆ ಮುಟ್ಟಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಒಳಗಿನ ತಂತ್ರಾಂಶ ಅದು. ಖಜಾನೆಯ ಬೀಗದ ಕೈ ಇರುವುದು ಅದರ ಬಳಿಯೇ. ಆದ್ದರಿಂದ ಅಲ್ಲಿ ದೋಷವಿದ್ದರೆ ಇಡೀ ಯಂತ್ರವೇ ಪರರ ಕೈಸೇರಬಹುದು. ವಿಂಡೋಸಿನದು ಒಂದು ಕರ್ನೆಲ್. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇನ್ನೊಂದು. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ.

ಹಳೆಯದೆಲ್ಲ ಅಪಾಯ, ಹೊಸದೆಲ್ಲ ಸುರಕ್ಷಿತ ಎಂದು ಮಾರುವವರು ಹೇಳುವುದನ್ನು ನಾವು ಒಪ್ಪುವುದಿಲ್ಲ. 'ಡರ್ಟಿ ಕೌ' ಎಂದು ಹೆಸರಾದ ದೋಷ 2007ರಲ್ಲಿ ಲಿನಕ್ಸ್ ಕರ್ನೆಲ್ಲನ್ನು ಸೇರಿ, 2016ರ ಅಕ್ಟೋಬರಿನಲ್ಲಿ ಸರಿಪಡಿಸುವವರೆಗೆ ಒಂಬತ್ತು ವರ್ಷ ಅಲ್ಲೇ ಇತ್ತು. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ಕಾಣುವಂತೆ, ಯಂತ್ರಗಳು ಹೊರನೋಟಕ್ಕೆ ಏನೂ ತೊಡಕಿಲ್ಲದೆ ನಡೆಯುತ್ತಿದ್ದವು. ಆದರೆ ಮಾಮೂಲಿ ಬಳಕೆದಾರನಾಗಿ ಒಳಬಂದವನು ಯಂತ್ರದ ಒಡೆಯನೇ ಆಗಿಬಿಡಲು ಅದರಲ್ಲಿ ದಾರಿಯಿತ್ತು. ಇದಕ್ಕೆ ವ್ಯತಿರಿಕ್ತವಾಗಿ 'ಡರ್ಟಿ ಪೈಪ್' ಎಂಬ ದೋಷ 2020ರ 5.8ನೇ ಆವೃತ್ತಿಯೊಡನೆ ಹೊಸದಾಗಿ ಬಂದಿತು. ಅದಕ್ಕೂ ಹಿಂದಿನ ಆವೃತ್ತಿಯವರಿಗೆ ಅದರ ಬಾಧೆ ಇರಲಿಲ್ಲ. ಅದು ಪತ್ತೆಯಾದ ಬಗೆ ಲೆಕ್ಕಪತ್ರ ಬರೆಯುವವರಿಗೆ ಹಿಡಿಸೀತು. ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ತಂತ್ರಜ್ಞರು ಗ್ರಾಹಕರ ಕೆಲವು ಕಡತಗಳಿಗೆ ತಾಳೆ ಏಕೆ ಬರುತ್ತಿಲ್ಲವೆಂದು ತಿಂಗಳುಗಟ್ಟಲೆ ಬೆನ್ನುಹತ್ತಿ ಕೊನೆಗೆ ಕರ್ನೆಲ್ಲನ್ನೇ ಹಿಡಿದರು! 2022ರ ಫೆಬ್ರವರಿಯಲ್ಲಿ ಅದಕ್ಕೆ ತೇಪೆ ಬಂದಿತು.

ಆದ್ದರಿಂದ ಕರ್ನೆಲ್ಲಿನ ವಯಸ್ಸು ಕೇಳಿದರೆ ಸಾಲದು. ಅದರ ಆರೈಕೆ ಮಾಡುವವರು ಈಗಲೂ ಇದ್ದಾರೆಯೇ ಎಂದು ಕೇಳಬೇಕು. ಲಿನಕ್ಸಿನಲ್ಲಿ ಕೆಲವು ಆವೃತ್ತಿಗಳನ್ನು ದೀರ್ಘಕಾಲದ ಆರೈಕೆಗೆಂದು ಆರಿಸಿಕೊಳ್ಳುತ್ತಾರೆ. 2018ರ ಅಕ್ಟೋಬರಿನ 4.19ನೇ ಆವೃತ್ತಿಗೆ 2024ರ ಡಿಸೆಂಬರಿನವರೆಗೆ ತೇಪೆಗಳು ಬಂದವು. ಕಂಪೆನಿಗಳು ಇನ್ನೂ ಮುಂದೆ ಹೋಗುವುದುಂಟು. ರೆಡ್ ಹ್ಯಾಟ್ ಕಂಪೆನಿಯ ಆರನೇ ಆವೃತ್ತಿಯ ಕರ್ನೆಲ್ 2009ರ 2.6.32. ಹೊಸ ಕರ್ನೆಲ್ಲುಗಳಿಗೆ ಬಂದ ತೇಪೆಗಳಲ್ಲಿ ಬೇಕಾದವನ್ನಷ್ಟೇ ಹಳೆಯ ಬುಡಕ್ಕೆ ಕಸಿ ಕಟ್ಟುತ್ತ 2020ರ ನವೆಂಬರಿನವರೆಗೆ ಅದನ್ನು ನಡೆಸಿದರು. ಸಂಖ್ಯೆ ಮಾತ್ರ ನೋಡಿದವನಿಗೆ ಅದು ಹಳತು, ಒಳಗೆ ಹಾಗಿರಲಿಲ್ಲ.

ಆರೈಕೆ ನಿಂತ ಮೇಲಿನ ಸ್ಥಿತಿಯೇ ಬೇರೆ. ಹೊಸ ಆವೃತ್ತಿಗೆ ತೇಪೆ ಪ್ರಕಟವಾದೊಡನೆ, ಅದೇ ತೂತು ಹಳೆಯದರಲ್ಲೂ ಇದ್ದರೆ, ಕಳ್ಳನಿಗೆ ನಾವೇ ದಾರಿ ತೋರಿದಂತಾಗುತ್ತದೆ. ವಿಂಡೋಸಿನಲ್ಲಿ ಕಡತ ಹಂಚಿಕೊಳ್ಳುವ ಭಾಗದ ಒಂದು ದೋಷಕ್ಕೆ 2017ರ ಮಾರ್ಚಿನಲ್ಲಿ ತೇಪೆ ಬಂದಿತು. ಮೇ 12ರಂದು 'ವಾನ್ನಾಕ್ರೈ' ಅದೇ ತೂತಿನಿಂದ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7ರ ಯಂತ್ರಗಳು. ಅವಕ್ಕೆ ಆಗ ಆರೈಕೆಯೂ ಇತ್ತು, ತೇಪೆಯೂ ಇತ್ತು, ಹಚ್ಚಿರಲಿಲ್ಲ ಅಷ್ಟೆ. ಬೋರ್ಡೋ ಸಾಮಾನು ಗೋದಾಮಿನಲ್ಲೇ ಇದ್ದರೆ ಕೊಳೆರೋಗ ನಿಂತೀತೆ?

ಹಾಗೆಂದು ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಹಾಕಿಕೊಳ್ಳಿರೆಂದು ನಾವು ಹೇಳುತ್ತಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆ ಕಳುಹಿಸಿದ ಒಂದು ಸಣ್ಣ ಕಡತ ಕರ್ನೆಲ್ ಮಟ್ಟದಲ್ಲಿ ಕೆಲಸ ಕೆಡಿಸಿ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ವಿಮಾನಗಳೂ ನಿಂತವು. ಇನ್ನೊಂದು ತೊಡಕು ಡ್ರೈವರಿನದು. ತೂಕದ ಯಂತ್ರಕ್ಕೂ ಕರ್ನೆಲ್ಲಿಗೂ ನಡುವೆ ದುಭಾಷಿಯಂತಿರುವ ಈ ತಂತ್ರಾಂಶವನ್ನು ಹೊಸ ಕರ್ನೆಲ್ಲಿಗೆ ಹೊಂದುವಂತೆ ತಯಾರಕರು ಬರೆದುಕೊಡದಿದ್ದರೆ ತೂಕದ ಯಂತ್ರ ಮೂಕವಾಗುತ್ತದೆ. ಕೊಯ್ಲಿನ ಕಾಲದಲ್ಲಿ ಹಾಗಾದರೆ ಸಾಲುಗಟ್ಟಿ ನಿಂತ ಸದಸ್ಯರಿಗೆ ಉತ್ತರ ಹೇಳಬೇಕಾದವರು ನಾವು.

ಆದಕಾರಣ ಸಂಘದಲ್ಲಿ ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ. ಲೆಕ್ಕದ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ತಂತಿ ಕಳಚಿ, ಬೀರುವಿನಲ್ಲಿಡುವುದು ಮೊದಲು. ತೇಪೆಯನ್ನು ಒಂದು ಯಂತ್ರಕ್ಕೆ ಹಾಕಿ ಕೆಲವು ದಿನ ನೋಡಿ, ಬಳಿಕ ಉಳಿದವಕ್ಕೆ. ಲಿನಕ್ಸಿನಲ್ಲಿ ಹಿಂದಿನ ಕರ್ನೆಲ್ಲನ್ನು ಅಳಿಸುವುದಿಲ್ಲ. ಹೊಸದು ಕೈಕೊಟ್ಟರೆ ಯಂತ್ರ ಏಳುವಾಗ ಹಳೆಯದನ್ನೇ ಆರಿಸಿಕೊಳ್ಳಬಹುದು. ವರ್ಷವಿಡೀ ಆರಿಸದೆ ನಡೆಯಿತೆಂಬ ಹೆಮ್ಮೆಯನ್ನೂ ಬಿಟ್ಟಿದ್ದೇವೆ, ಏಕೆಂದರೆ ಸಾಮಾನ್ಯವಾಗಿ ಯಂತ್ರವನ್ನು ಒಮ್ಮೆ ಆರಿಸಿ ಎಬ್ಬಿಸದೆ ಹೊಸ ಕರ್ನೆಲ್ ಜಾರಿಗೆ ಬರುವುದಿಲ್ಲ. ತೂಕದ ಕೋಣೆಯ ಹಳೆಯ ಯಂತ್ರಕ್ಕೆ ಹೊಸ ಡ್ರೈವರು ಸಿಗುವ ಹಾಗಿಲ್ಲ. ಅದನ್ನು ಹಾಗೆಯೇ ಇಟ್ಟು, ಅಂತರ್ಜಾಲದ ತಂತಿ ಕಳಚಿದ್ದೇವೆ. ಅದರಲ್ಲಿ ಪೆನ್‌ಡ್ರೈವಿಗೂ ಪ್ರವೇಶವಿಲ್ಲ. ತೂಕದ ಚೀಟಿ ನೋಡಿ ಗುಮಾಸ್ತರು ಕೈಯಿಂದಲೇ ಲೆಕ್ಕಕ್ಕೆ ಏರಿಸುತ್ತಾರೆ. ಇದರಿಂದ ಕೆಲಸ ನಿಧಾನವಾಗುವುದು ನಿಜ.

ಮನೆಯಲ್ಲಿ ವಿಂಡೋಸ್ 10 ಬಳಸುವವರು ಅದರ ಸಾಮಾನ್ಯ ಆರೈಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದನ್ನು ಗಮನಿಸಬೇಕು. ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವವರು 'ಸೆಟ್ಟಿಂಗ್ಸ್' ಒಳಗೆ ಫೋನಿನ ವಿವರ ತೆರೆದು, 'ಸೆಕ್ಯುರಿಟಿ ಅಪ್‌ಡೇಟ್' ಎಂಬಲ್ಲಿರುವ ದಿನಾಂಕ ನೋಡಿರಿ. ಅದು ಒಂದೆರಡು ವರ್ಷ ಹಿಂದಿನದಾಗಿದ್ದು, ಹೊಸ ತೇಪೆ ಬರುತ್ತಿಲ್ಲವಾದರೆ, ಆ ಫೋನನ್ನು ಮಾತಿಗೆ ಇಟ್ಟುಕೊಂಡು ಹಣದ ವ್ಯವಹಾರವನ್ನು ಬೇರೆಯದಕ್ಕೆ ಬದಲಿಸುವುದು ಲೇಸು. ನೋಡಲು ತಿಳಿಯದವರು ಕೆಲಸದ ವೇಳೆಯಲ್ಲಿ ಫೋನು ತಂದರೆ ಕಚೇರಿಯಲ್ಲಿ ನೋಡಿ ಹೇಳುತ್ತೇವೆ.